ಹಳೆಯ ಸಿಂಗಲ್ ಸಿಲಿಂಡರ್ ಬೈಕನ್ನು ರೇಸಿಗೆ ಸಜ್ಜುಗೊಳಿಸುವುದು: ಯಾವ ಕೆಲಸ ಮೊದಲು, ಯಾವುದು ಕೊನೆಗೆ

ಹಳೆಯ ಸಿಂಗಲ್‌ಗಳನ್ನು ರೇಸಿಗೆ ಇಳಿಸಲು ಹೊರಟವರು ಸೋಲುವುದು ಬಹುತೇಕ ಒಂದೇ ರೀತಿಯಲ್ಲಿ. ಮೊದಲು ದೊಡ್ಡ ಕಾರ್ಬ್ಯುರೇಟರ್ ಬರುತ್ತದೆ, ಆಮೇಲೆ ಎತ್ತರದ ತಲೆಯ ಪಿಸ್ಟನ್, ಅದರ ಹಿಂದೆಯೇ ವಾಲ್ವ್‌ಗಳನ್ನು ಹೆಚ್ಚು ಎತ್ತಿ ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್ ಮತ್ತು ತೆರೆದ ಪೈಪ್. ಒಳಗಿನ ಬಿಗ್ ಎಂಡ್ ಬೇರಿಂಗ್ (ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ಕಡೆಯದು), ಎಣ್ಣೆ ಪಂಪ್, ಬ್ರೇಕ್ ಡ್ರಮ್‌ಗಳು ಮಾತ್ರ ಹಳೆಯವೇ ಉಳಿದಿರುತ್ತವೆ. ಟ್ರ್ಯಾಕ್‌ನಲ್ಲಿ ಕೆಲವೇ ಸುತ್ತು ಓಡಿಸುವಷ್ಟರಲ್ಲಿ ಎಂಜಿನ್ ಒಡೆಯುತ್ತದೆ, ಇಲ್ಲವೇ ತಿರುವಿನಲ್ಲಿ ಬ್ರೇಕ್ ಕೈಕೊಡುತ್ತದೆ.

ಈ ಸೋಲಿಗೆ ಕಾರಣ ಬಿಡಿಭಾಗಗಳ ಗುಣಮಟ್ಟವಲ್ಲ, ಕೆಲಸದ ಕ್ರಮ. ಬೈಕ್ ಮೊದಲು ನಿಲ್ಲಬೇಕು, ಆಮೇಲೆ ಉಳಿಯಬೇಕು, ಕೊನೆಗೆ ಓಡಬೇಕು. ಕೆಳಗಿನ ಹಂತಗಳು ಆ ಕ್ರಮದಲ್ಲೇ ಇವೆ. ಇವು 350ರಿಂದ 500 ಸಿಸಿಯ, ಗಾಳಿಯಿಂದ ತಣಿಯುವ, ಪುಶ್‌ರಾಡ್ (ಕೆಳಗಿನ ಕ್ಯಾಮಿನಿಂದ ಮೇಲಿನ ವಾಲ್ವ್‌ಗಳನ್ನು ತೆರೆಯಿಸುವ ಸರಳು) ಇರುವ ಫೋರ್ ಸ್ಟ್ರೋಕ್ ಎಂಜಿನ್‌ಗಳಿಗೆ ಅನ್ವಯಿಸುತ್ತವೆ. ಹೀಗೆ ಸಿದ್ಧವಾದ ಬೈಕ್ ಮುಚ್ಚಿದ ಟ್ರ್ಯಾಕ್‌ಗೆ ಮಾತ್ರ. ಸಾರ್ವಜನಿಕ ರಸ್ತೆಗೆ ಅದನ್ನು ಇಳಿಸಬೇಡಿ.

ಹಂತ 1: ನಿಯಮಾವಳಿಯನ್ನು ಮೊದಲು ಓದಿ

ನೀವು ಭಾಗವಹಿಸಲಿರುವ ಸ್ಪರ್ಧೆಯ ನಿಯಮ ಪುಸ್ತಕವನ್ನು ಮುದ್ರಿಸಿ ಗ್ಯಾರೇಜಿನ ಗೋಡೆಗೆ ಅಂಟಿಸಿ. ಹಳೆಯ ಬೈಕುಗಳ ವರ್ಗದಲ್ಲಿ ತಯಾರಿಕೆಯ ವರ್ಷ, ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, ಎಷ್ಟು ಹಿಗ್ಗಿಸಬಹುದು, ಡಿಸ್ಕ್ ಬ್ರೇಕ್ ಹಾಕಬಹುದೇ, ಯಾವ ಅಳತೆಯ ರಿಮ್, ಎಷ್ಟು ಡೆಸಿಬಲ್ ಸದ್ದು ಎಂಬುದಕ್ಕೆಲ್ಲ ಮಿತಿ ಇರುತ್ತದೆ. ಕ್ಯಾಮ್ ಕೊಂಡ ಮೇಲೆ ಈ ಪುಸ್ತಕ ತೆರೆಯುವವರೇ ಹೆಚ್ಚು.

ಸುರಕ್ಷತೆಯ ಭಾಗವನ್ನು ಎರಡು ಸಲ ಓದಿ. ಕೈಬಿಟ್ಟ ಕೂಡಲೇ ತಾನಾಗಿ ಮುಚ್ಚುವ ಥ್ರಾಟಲ್, ಸವಾರ ಬಿದ್ದರೆ ಎಂಜಿನ್ ಆರಿಸುವ ದಾರ ಕಟ್ಟಿದ ಸ್ವಿಚ್, ತುದಿಯಲ್ಲಿ ಗುಂಡು ಇರುವ ಲಿವರ್‌ಗಳು, ಎಣ್ಣೆ ಹಿಡಿಯುವ ತಳದ ತಟ್ಟೆ, ಹಿಂದಿನ ಸ್ಪ್ರಾಕೆಟ್‌ಗೆ ಬೆರಳು ಸಿಗದಂತೆ ತಡೆಯುವ ರೆಕ್ಕೆ, ಇವೆಲ್ಲ ಸಾಮಾನ್ಯವಾಗಿ ಕಡ್ಡಾಯ.

ಇನ್ನೊಂದು ಮಾತು. ನಿಮ್ಮ ಕೈಯಲ್ಲಿರುವುದು ಅಪರೂಪದ, ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲೇ ಉಳಿದಿರುವ ಬೈಕಾದರೆ ಅದರ ಚಾಸಿಯನ್ನು ಕತ್ತರಿಸಬೇಡಿ. ಬಿಚ್ಚಿದ ಪ್ರತಿ ಭಾಗಕ್ಕೂ ಚೀಟಿ ಕಟ್ಟಿ ಎತ್ತಿಡಿ. ರೇಸಿಗೆ ಅರ್ಧಂಬರ್ಧ ಬಿಡಿಭಾಗಗಳ ಬೈಕಾದರೂ ಸಾಕು.

ಹಂತ 2: ಅಳೆಯುವ ಉಪಕರಣಗಳನ್ನು ಹೊಂದಿಸಿ

ಸ್ಪ್ಯಾನರ್‌ಗಳು ಎಲ್ಲರ ಬಳಿಯೂ ಇರುತ್ತವೆ, ಅಳೆಯುವ ಸಾಧನಗಳು ಇರುವುದಿಲ್ಲ. ಕನಿಷ್ಠ ಇವು ಬೇಕು: ಮೈಕ್ರೋಮೀಟರ್, ಬೋರ್ ಗೇಜ್, ಸ್ಟ್ಯಾಂಡ್ ಸಮೇತ ಡಯಲ್ ಗೇಜ್, ಫೀಲರ್ ಗೇಜ್, ವರ್ನಿಯರ್, ಟಾರ್ಕ್ ರೆಂಚ್, 360 ಡಿಗ್ರಿ ಗುರುತಿನ ಡಿಗ್ರಿ ಡಿಸ್ಕ್, ಪ್ಲಗ್ ರಂಧ್ರಕ್ಕೆ ತಿರುಗಿಸಿ ಹಾಕುವ ಪಿಸ್ಟನ್ ಸ್ಟಾಪ್, ದ್ರವ ಅಳೆಯುವ ಬ್ಯುರೆಟ್, ಸ್ಟ್ರೋಬ್ ದೀಪ, ಲಾಕ್ ವೈರ್ ಇಕ್ಕಳ. ಜೊತೆಗೊಂದು ದಪ್ಪ ನೋಟ್‌ಬುಕ್ ಇರಲಿ.

ಬೋರಿಂಗ್, ಕ್ರ್ಯಾಂಕ್ ಒತ್ತಿ ಜೋಡಿಸುವುದು, ವಾಲ್ವ್ ಸೀಟ್ ಕತ್ತರಿಸುವುದು, ಇವನ್ನು ಆ ಯಂತ್ರಗಳಿರುವ ಅನುಭವಿ ಮೆಷಿನ್ ಶಾಪ್‌ಗೆ ಕೊಡಿ. ಅಳೆದು ಪರೀಕ್ಷಿಸುವ ಜವಾಬ್ದಾರಿ ಮಾತ್ರ ನಿಮ್ಮದೇ.

ಹಂತ 3: ಪೂರ್ತಿ ಬಿಚ್ಚಿ, ಬರೆದಿಡಿ

ಬಿಚ್ಚುವ ಮೊದಲು ಎಂಜಿನ್ ಹೇಗಿತ್ತೆಂದು ದಾಖಲಿಸಿ: ಕಂಪ್ರೆಷನ್ ಎಷ್ಟು, ಇಗ್ನಿಷನ್ ಟೈಮಿಂಗ್ ಎಲ್ಲಿದೆ, ವಾಲ್ವ್‌ಗಳು ಯಾವ ಡಿಗ್ರಿಯಲ್ಲಿ ತೆರೆದು ಮುಚ್ಚುತ್ತವೆ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್‌ಗಳ ಮೇಲೆ ಬರೆದಿರುವ ಅಳತೆಯ ಸಂಖ್ಯೆ ಏನು. ಮುಂದೆ ಏನಾದರೂ ಕೆಟ್ಟಾಗ ಹಿಂತಿರುಗಲು ಒಂದು ನೆಲೆ ಬೇಕು.

ಚಾಸಿಯ ಬಣ್ಣವನ್ನು ಪೂರ್ತಿ ಕೆರೆಯಿಸಿ. ಹ್ಯಾಂಡಲ್ ಬೇರಿಂಗ್ ಕೂರುವ ಕೊಳವೆಯ ಬುಡ, ಎಂಜಿನ್ ಮೌಂಟ್‌ಗಳು, ಸ್ವಿಂಗ್ ಆರ್ಮ್ ತಿರುಗುವ ಜಾಗ, ಈ ಮೂರು ಕಡೆ ಬಿರುಕು ಹುಡುಕಿ. ಬಣ್ಣದ ಮೇಲೆ ತುಕ್ಕಿನ ತೆಳು ಗೆರೆ ಕಂಡರೆ ಅದರ ಕೆಳಗೆ ಬಿರುಕಿರುವ ಸಂಭವ ಹೆಚ್ಚು. ಬಿರುಕು ತೋರಿಸುವ ಬಣ್ಣದ ದ್ರಾವಣ ಸಿಗುತ್ತದೆ, ಬಳಸಿ.

ಹಂತ 4: ಬ್ರೇಕ್, ಚಕ್ರ, ಸಸ್ಪೆನ್ಷನ್

ಎಂಜಿನ್ ಮುಟ್ಟುವ ಮೊದಲೇ ಇದು ಮುಗಿದಿರಲಿ. ಉಳಿದದ್ದೆಲ್ಲ ಕಾರ್ಖಾನೆಯ ಸ್ಥಿತಿಯಲ್ಲಿದ್ದು ಬ್ರೇಕ್ ಚೆನ್ನಾಗಿರುವ ಬೈಕ್, ಬಲಿಷ್ಠ ಎಂಜಿನ್ನಿನ ಕೆಟ್ಟ ಬ್ರೇಕಿನ ಬೈಕಿಗಿಂತ ಟ್ರ್ಯಾಕ್‌ನಲ್ಲಿ ವೇಗವಾಗಿ ಸುತ್ತುತ್ತದೆ. ಎಷ್ಟು ತಡವಾಗಿ ಬ್ರೇಕ್ ಹಿಡಿಯಬಹುದು ಎಂಬ ಧೈರ್ಯದಿಂದ ಸಮಯ ಉಳಿಯುತ್ತದೆ.

ಡ್ರಮ್ ಬ್ರೇಕಿನಲ್ಲಿ ಮೊದಲು ಡ್ರಮ್ ದುಂಡಾಗಿದೆಯೇ ನೋಡಿ. ಕಡ್ಡಿಗಳನ್ನು ಬಿಗಿ ಮಾಡಿ ಚಕ್ರ ಸರಿಪಡಿಸಿದ ಮೇಲೆಯೇ ಡ್ರಮ್ಮನ್ನು ಲೇತ್‌ನಲ್ಲಿ ಕೆರೆಯಿಸಬೇಕು, ಏಕೆಂದರೆ ಕಡ್ಡಿಗಳ ಎಳೆತ ಡ್ರಮ್ಮನ್ನು ತುಸು ಬಾಗಿಸುತ್ತದೆ. ನಂತರ ರೇಸ್ ದರ್ಜೆಯ ಲೈನಿಂಗ್ ಅಂಟಿಸಿ, ಶೂಗಳನ್ನು ಬ್ರೇಕ್ ಪ್ಲೇಟಿನ ಮೇಲೆ ಕೂರಿಸಿ, ಡ್ರಮ್ಮಿನ ಹೊಸ ವ್ಯಾಸಕ್ಕೆ ಹೊಂದುವಂತೆ ಲೈನಿಂಗನ್ನು ಲೇತ್‌ನಲ್ಲೇ ತಿರುಗಿಸಿ ಸವರಬೇಕು. ಇದನ್ನು ಬಿಟ್ಟರೆ ಲೈನಿಂಗಿನ ಒಂದು ಪಟ್ಟಿ ಮಾತ್ರ ಡ್ರಮ್ ಮುಟ್ಟುತ್ತದೆ. ಲಿವರ್ ಗಟ್ಟಿಯಾಗಿರುತ್ತದೆ, ಬೈಕ್ ನಿಲ್ಲುವುದಿಲ್ಲ.

ಎರಡು ಕ್ಯಾಮ್‌ಗಳ ಟ್ವಿನ್ ಲೀಡಿಂಗ್ ಬ್ರೇಕಾದರೆ, ಎರಡೂ ಶೂಗಳು ಒಂದೇ ಕ್ಷಣದಲ್ಲಿ ಡ್ರಮ್ ಮುಟ್ಟುವಂತೆ ನಡುವಿನ ಸರಳನ್ನು ಹೊಂದಿಸಿ. ಸರಳನ್ನು ಬಿಚ್ಚಿ, ಎರಡೂ ಕ್ಯಾಮ್‌ಗಳನ್ನು ಬೇರೆ ಬೇರೆಯಾಗಿ ಶೂ ಮುಟ್ಟುವವರೆಗೆ ತಿರುಗಿಸಿ, ಅಲ್ಲಿಯೇ ಸರಳಿನ ಉದ್ದವನ್ನು ಸರಿಹೊಂದಿಸಿ ಜೋಡಿಸಿ. ಚಕ್ರದ ಬೇರಿಂಗ್‌ಗೆ ಗ್ರೀಸ್ ಅತಿಯಾಗಿ ತುಂಬಬೇಡಿ, ಬಿಸಿಗೆ ಕರಗಿ ಲೈನಿಂಗ್ ಸೇರುತ್ತದೆ.

ಎಚ್ಚರಿಕೆಯ ಸೂಚನೆ: ಸುತ್ತು ಕಳೆದಂತೆ ಲಿವರ್ ಹಿಡಿಕೆಯ ಕಡೆಗೆ ಬರುತ್ತಿದ್ದರೆ ಡ್ರಮ್ ಕಾದು ಹಿಗ್ಗುತ್ತಿದೆ. ವೇಗ ತಗ್ಗಿಸಿ ಪಿಟ್‌ಗೆ ಬನ್ನಿ. ಬಿಸಿಯಲ್ಲಿ ಕೇಬಲ್ ಬಿಗಿ ಮಾಡಿದರೆ ತಣಿದಾಗ ಶೂಗಳು ಕಚ್ಚಿಕೊಳ್ಳುತ್ತವೆ.

ಹ್ಯಾಂಡಲ್ಲಿನ ಗುಂಡು ಬೇರಿಂಗ್ ಬದಲಿಗೆ ಟೇಪರ್ ರೋಲರ್ ಹಾಕಿ. ಹಿಂಚಕ್ರವನ್ನು ಪಕ್ಕಕ್ಕೆ ಅಲುಗಿಸಿ ನೋಡಿ. ಸ್ವಿಂಗ್ ಆರ್ಮ್ ಬುಷ್‌ನಲ್ಲಿ ಬೆರಳಿಗೆ ತಿಳಿಯುವಷ್ಟು ಸಡಿಲವಿದ್ದರೂ ವೇಗದ ತಿರುವಿನಲ್ಲಿ ಬೈಕ್ ತೂಗಾಡುತ್ತದೆ. ಎರಡೂ ಫೋರ್ಕ್ ಕಾಲುಗಳಲ್ಲಿ ಎಣ್ಣೆಯ ಮಟ್ಟ ಒಂದೇ ಇರಲಿ. ನೀವು ಕುಳಿತಾಗ ಸಸ್ಪೆನ್ಷನ್ ತನ್ನ ಒಟ್ಟು ಚಲನೆಯ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ಇಳಿದರೆ ಆರಂಭಕ್ಕೆ ಸರಿ. ಟೈರ್ ಪಕ್ಕದ ನಾಲ್ಕಂಕಿಯ ಗುರುತಿನಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. 2319 ಎಂದರೆ 2019ರ 23ನೆಯ ವಾರ. ಎಷ್ಟೇ ಗೆರೆ ಉಳಿದಿದ್ದರೂ ಗಟ್ಟಿಯಾದ ಟೈರ್ ಬೇಡ.

ಹ್ಯಾಂಡಲ್ಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಬೆರಳು ಟ್ಯಾಂಕಿಗೆ ಸಿಕ್ಕಿಕೊಳ್ಳುವುದಿಲ್ಲವೆಂದೂ ಥ್ರಾಟಲ್ ಎರಡೂ ತುದಿಯಲ್ಲಿ ತಾನಾಗಿ ಮುಚ್ಚುತ್ತದೆಂದೂ ಖಚಿತಪಡಿಸಿಕೊಳ್ಳಿ.

ಹಂತ 5: ಕ್ರ್ಯಾಂಕ್ ಮತ್ತು ಬಿಗ್ ಎಂಡ್

ಎಂಜಿನ್ನಿನ ಆಯುಷ್ಯ ಇಲ್ಲಿದೆ. 90 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಮೇಲಿನಿಂದ ಕೆಳಗೆ ಚಲಿಸುವ ದೂರ) ಇರುವ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 18 ಮೀಟರ್. 7000ಕ್ಕೆ 21 ಮೀಟರ್. ವೇಗ ಹೆಚ್ಚಿದ್ದು ಕಡಿಮೆ ಎನಿಸಬಹುದು, ಆದರೆ ಪಿಸ್ಟನ್ ಮತ್ತು ರಾಡನ್ನು ಎಳೆಯುವ ಬಲ ಸುತ್ತಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. 6000ದಿಂದ 7000ಕ್ಕೆ ಹೋದರೆ ಆ ಬಲ ಶೇ. 36ರಷ್ಟು ಹೆಚ್ಚು. ಹಳೆಯ ರಾಡ್ ಒಡೆಯುವುದು ಈ ಅಂತರದಲ್ಲೇ. ಆದ್ದರಿಂದ ಟ್ಯಾಕೋಮೀಟರ್ ಕಡ್ಡಾಯವಾಗಿ ಹಾಕಿ. ಉದ್ದ ಸ್ಟ್ರೋಕಿನ ಎಂಜಿನ್ನಿನಲ್ಲಿ ಮೂಲ ರಾಡ್ ಉಳಿಸಿಕೊಂಡಿದ್ದರೆ 6000ದ ಆಸುಪಾಸಿನಲ್ಲಿ ಕೆಂಪು ಗೆರೆ ಎಳೆದುಕೊಂಡು ಅದನ್ನು ಮೀರಬೇಡಿ.

ಕನೆಕ್ಟಿಂಗ್ ರಾಡ್ ಹಿಡಿದು ನೇರ ಮೇಲೆ ಕೆಳಗೆ ಎಳೆದು ನೋಡಿ. ಆ ದಿಕ್ಕಿನಲ್ಲಿ ಸಡಿಲ ತಿಳಿದರೆ ಬಿಗ್ ಎಂಡ್ ಹೋಗಿದೆ. ಪಕ್ಕಕ್ಕೆ ತುಸು ಅಲುಗುವುದು ಸಹಜ, ಅದರಿಂದ ಗಾಬರಿ ಬೇಡ. ನಿಮ್ಮ ಎಂಜಿನ್ನಿನಲ್ಲಿ ಬುಷ್ ಬಗೆಯ ಬಿಗ್ ಎಂಡ್ ಇದ್ದು ಅದಕ್ಕೆ ರೋಲರ್ ಬೇರಿಂಗ್ ಸಿಗುವುದಾದರೆ ರಾಡ್ ಸಮೇತ ಬದಲಾಯಿಸಿ. ಈ ಖರ್ಚಿನಲ್ಲಿ ಕೈ ಹಿಡಿಯಬೇಡಿ.

ಒತ್ತಿ ಜೋಡಿಸಿದ ಕ್ರ್ಯಾಂಕನ್ನು ನೇರ ಮಾಡಿಸಿದ ಮೇಲೆ ಎರಡೂ ಬದಿಯ ದಂಡಗಳ ಮೇಲೆ ಡಯಲ್ ಗೇಜ್ ಇಟ್ಟು ತಿರುಗಿಸಿ. ಮುಳ್ಳಿನ ಓಲಾಟ 0.02ರಿಂದ 0.03 ಮಿ.ಮೀ. ಒಳಗಿರಲಿ. ಮೆಷಿನ್ ಶಾಪ್‌ನಿಂದ ಬಂದದ್ದನ್ನು ನೀವೇ ಇನ್ನೊಮ್ಮೆ ಅಳೆಯಿರಿ.

ಇನ್ನು ತೂಕ. ಸಿಂಗಲ್ ಎಂಜಿನ್ನಿನ ನಡುಕವನ್ನು ಪೂರ್ತಿ ತೆಗೆಯಲಾಗದು, ಅದನ್ನು ಮೇಲೆ ಕೆಳಗೆ ಮತ್ತು ಮುಂದೆ ಹಿಂದೆ ಹಂಚಬಹುದು ಅಷ್ಟೇ. ಹೊಸ ಪಿಸ್ಟನ್, ಪಿನ್, ರಿಂಗ್‌ಗಳನ್ನು ಹಳೆಯವುಗಳ ಪಕ್ಕ ಇಟ್ಟು ಗ್ರಾಂ ಲೆಕ್ಕದಲ್ಲಿ ತೂಗಿ. ವ್ಯತ್ಯಾಸ ಗಣನೀಯವಾಗಿದ್ದರೆ ಕ್ರ್ಯಾಂಕನ್ನು ಮರುಸಮತೋಲನ ಮಾಡಿಸಿ. ಇದನ್ನು ಮರೆತ ಬೈಕಿನಲ್ಲಿ ಟ್ಯಾಂಕಿನ ಬುಡ, ಸೈಲೆನ್ಸರ್ ಹಿಡಿ, ಮಡ್‌ಗಾರ್ಡ್ ಪಟ್ಟಿಗಳು ಒಂದಾದ ಮೇಲೊಂದು ಬಿರುಕು ಬಿಡುತ್ತವೆ.

ಹಂತ 6: ಎಣ್ಣೆ ಮತ್ತು ಉಸಿರು

ಕ್ರ್ಯಾಂಕಿನೊಳಗಿನ ಎಣ್ಣೆ ದಾರಿಗಳು, ಟ್ಯಾಂಕ್, ಕೊಳವೆಗಳು ಎಲ್ಲವನ್ನೂ ತೊಳೆದು ಗಾಳಿ ಊದಿ. ಎಣ್ಣೆ ಪಂಪಿನ ಸವೆತ ನೋಡಿ. ಎಣ್ಣೆ ಬೇರೆ ಟ್ಯಾಂಕಿನಲ್ಲಿರುವ ಡ್ರೈ ಸಂಪ್ ಎಂಜಿನ್ ಬಹಳ ದಿನ ನಿಂತರೆ ಎಣ್ಣೆ ಪಂಪಿನ ಮೂಲಕ ಸೋರಿ ಕ್ರ್ಯಾಂಕ್‌ಕೇಸ್ ತುಂಬುತ್ತದೆ. ಇದನ್ನು ತಡೆಯಲು ಕೊಳವೆಗೆ ನಲ್ಲಿ ಹಾಕುವ ರೂಢಿ ಇದೆ. ನಲ್ಲಿ ಮುಚ್ಚಿದ್ದಾಗ ಇಗ್ನಿಷನ್ ಬರದಂತೆ ಸ್ವಿಚ್ ಜೋಡಿಸದಿದ್ದರೆ ಆ ನಲ್ಲಿಯೇ ಬೇಡ. ತೆರೆಯಲು ಮರೆತ ಒಂದು ಬೆಳಗ್ಗೆ ಇಡೀ ಎಂಜಿನ್ ಹೋಗುತ್ತದೆ.

ಹರಳೆಣ್ಣೆ ಆಧಾರಿತ ರೇಸ್ ಎಣ್ಣೆಯನ್ನೂ ಖನಿಜ ಎಣ್ಣೆಯನ್ನೂ ಬೆರೆಸಬೇಡಿ. ಹರಳೆಣ್ಣೆಯದು ಕಾಲಕ್ರಮೇಣ ಅಂಟಾಗಿ ದಾರಿ ಕಟ್ಟುತ್ತದೆ, ಆದ್ದರಿಂದ ಅದನ್ನು ಬಳಸುವವರು ಆಗಾಗ ಎಂಜಿನ್ ಬಿಚ್ಚಲು ಸಿದ್ಧರಿರಬೇಕು. ಒಳ್ಳೆಯ ಖನಿಜ ಅಥವಾ ಸಿಂಥೆಟಿಕ್ ಎಣ್ಣೆ ಹೊಸಬರಿಗೆ ಉತ್ತಮ.

ಎಣ್ಣೆ ಸೋರಿಕೆಗೆ ಗ್ಯಾಸ್ಕೆಟ್ಟನ್ನು ದೂರುವ ಮೊದಲು ಬ್ರೀದರ್ ನೋಡಿ. 500 ಸಿಸಿ ಸಿಂಗಲ್‌ನಲ್ಲಿ ಪಿಸ್ಟನ್ ಪ್ರತಿಸಲ ಕೆಳಗಿಳಿದಾಗಲೂ ಅರ್ಧ ಲೀಟರ್ ಗಾಳಿಯನ್ನು ಕ್ರ್ಯಾಂಕ್‌ಕೇಸಿನೊಳಗೆ ಒತ್ತುತ್ತದೆ. ಆ ಒತ್ತಡ ಹೊರಹೋಗಲು ಅಗಲವಾದ ಕೊಳವೆ, ಒಳಗೆ ಗಾಳಿ ಮರಳದಂತೆ ಏಕಮುಖ ಕವಾಟ, ತುದಿಗೆ ಎಣ್ಣೆ ಹಿಡಿಯುವ ಡಬ್ಬಿ, ಇಷ್ಟಿದ್ದರೆ ಸೋರಿಕೆ ಬಹುಪಾಲು ನಿಲ್ಲುತ್ತದೆ.

ಹಂತ 7: ಸಿಲಿಂಡರ್, ಪಿಸ್ಟನ್, ಕಂಪ್ರೆಷನ್

ಪಿಸ್ಟನ್ ಕೈಗೆ ಬಂದ ಮೇಲೆಯೇ ಸಿಲಿಂಡರ್ ಬೋರ್ ಮಾಡಿಸಿ. ಫೋರ್ಜ್ ಮಾಡಿದ ಪಿಸ್ಟನ್ ಎರಕದ ಪಿಸ್ಟನ್ನಿಗಿಂತ ಹೆಚ್ಚು ಹಿಗ್ಗುವುದರಿಂದ ಅದಕ್ಕೆ ಹೆಚ್ಚು ಅಂತರ ಬೇಕು. ತಯಾರಕರು ಕೊಟ್ಟ ಅಂತರವನ್ನೇ ಪಾಲಿಸಿ. ರಿಂಗ್ ತುದಿಗಳ ನಡುವಿನ ಅಂತರ ಬೋರಿನ ಪ್ರತಿ 25 ಮಿ.ಮೀ.ಗೆ ಸುಮಾರು 0.1 ಮಿ.ಮೀ., ಅಂದರೆ 84 ಮಿ.ಮೀ. ಬೋರಿಗೆ 0.35ರ ಹತ್ತಿರ. ಕಡಿಮೆಯಾದರೆ ತುದಿಗಳು ಬಿಸಿಗೆ ಒಂದಕ್ಕೊಂದು ತಗುಲಿ ರಿಂಗ್ ಮುರಿಯುತ್ತದೆ.

ಕಂಪ್ರೆಷನ್ ಅನುಪಾತವನ್ನು, ಅಂದರೆ ಪಿಸ್ಟನ್ ಕೆಳಗಿದ್ದಾಗಿನ ಜಾಗ ಮೇಲಿದ್ದಾಗಿನ ಜಾಗದ ಎಷ್ಟು ಪಟ್ಟು ಎಂಬುದನ್ನು, ಪಿಸ್ಟನ್ ಪೆಟ್ಟಿಗೆಯ ಮೇಲೆ ನೋಡಿ ನಂಬಬೇಡಿ. ಎಂಜಿನ್ ಜೋಡಿಸಿ, ಎರಡೂ ವಾಲ್ವ್ ಮುಚ್ಚಿರುವ ಹಾಗೆ ಪಿಸ್ಟನ್ನನ್ನು ಅತ್ಯಂತ ಮೇಲಿನ ಬಿಂದುವಿಗೆ, ಅಂದರೆ ಟಿಡಿಸಿಗೆ ತಂದು, ಪ್ಲಗ್ ರಂಧ್ರವೇ ಮೇಲಿರುವಂತೆ ಓರೆ ಮಾಡಿ, ಬ್ಯುರೆಟ್‌ನಿಂದ ತೆಳು ಎಣ್ಣೆ ತುಂಬಿ ಅಳೆಯಿರಿ. ಪ್ಲಗ್ ಮರೆಗಳ ಜಾಗದ ಅಳತೆ ಕಳೆಯಿರಿ. 84 ಮಿ.ಮೀ. ಬೋರ್, 90 ಮಿ.ಮೀ. ಸ್ಟ್ರೋಕಿನ ಎಂಜಿನ್ 499 ಸಿಸಿ. ಉಳಿದ ಜಾಗ 62.4 ಸಿಸಿ ಇದ್ದರೆ ಅನುಪಾತ 9. ಅದು 55.4 ಸಿಸಿಗೆ ಇಳಿದರೆ 10. ಬರೀ 7 ಸಿಸಿಯಲ್ಲಿ ಇಡೀ ಒಂದು ಅಂಕ ಏರುತ್ತದೆ ಎಂಬುದನ್ನು ಹೆಡ್ ಕೆರೆಯಿಸುವ ಮೊದಲು ನೆನಪಿಡಿ. ಕಬ್ಬಿಣದ ಸಿಲಿಂಡರ್, ಅರ್ಧಗೋಳದ ಹೆಡ್, ಬಂಕಿನ ಪೆಟ್ರೋಲ್, ಈ ಮೂರೂ ಇದ್ದಾಗ 9ರ ಒಳಗೇ ಇರುವುದು ಜಾಣತನ.

ಹಂತ 8: ಹೆಡ್ ಮತ್ತು ಕ್ಯಾಮ್

ಹೊಸ ವಾಲ್ವ್, ಹೊಸ ಗೈಡ್, ಹೊಸ ಸ್ಪ್ರಿಂಗ್ ಹಾಕಿ. ಎಷ್ಟು ಓಡಿದೆಯೋ ಗೊತ್ತಿಲ್ಲದ ಎಕ್ಸಾಸ್ಟ್ ವಾಲ್ವಿನ ತಲೆ ಕಳಚಿದರೆ ಪಿಸ್ಟನ್, ಹೆಡ್, ರಾಡ್ ಮೂರೂ ಹೋಗುತ್ತವೆ. ಪೋರ್ಟ್ ದೊಡ್ಡದು ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಇನ್‌ಲೆಟ್ ಪೋರ್ಟ್ ಹಿಗ್ಗಿಸಿದರೆ ಗಾಳಿಯ ವೇಗ ಕುಸಿದು ತಿರುವಿನಿಂದ ಹೊರಬರುವಾಗ ಬೈಕ್ ಎಳೆಯುವುದಿಲ್ಲ. ಎರಕದ ಗಂಟುಗಳನ್ನು ತೆಗೆಯಿರಿ, ಕಾರ್ಬ್ಯುರೇಟರ್ ಮತ್ತು ಪೋರ್ಟ್ ಸೇರುವಲ್ಲಿ ಮೆಟ್ಟಿಲು ಇರದಂತೆ ಮಾಡಿ, ಅಲ್ಲಿಗೆ ನಿಲ್ಲಿಸಿ.

ಕ್ಯಾಮ್ ಬದಲಾಯಿಸಿದರೆ ಎರಡು ಪರೀಕ್ಷೆಗಳನ್ನು ಬಿಡುವಂತಿಲ್ಲ. ಪಿಸ್ಟನ್ ತಲೆಯ ಮೇಲೆ ಮೆತ್ತನೆಯ ಜೇಡಿ ಅಂಟಿಸಿ, ಹೆಡ್ ಬಿಗಿದು, ಟ್ಯಾಪೆಟ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಅಂತರ) ಹೊಂದಿಸಿ, ಎಂಜಿನ್ನನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ. ಬಿಚ್ಚಿ ಜೇಡಿಯ ಅತಿ ತೆಳುವಾದ ಜಾಗವನ್ನು ಅಳೆಯಿರಿ. ಇನ್‌ಲೆಟ್‌ಗೆ 1.5 ಮಿ.ಮೀ., ಎಕ್ಸಾಸ್ಟ್‌ಗೆ 2 ಮಿ.ಮೀ.ಗಿಂತ ಕಡಿಮೆ ಇರಬಾರದು. ಎರಡನೆಯದು, ವಾಲ್ವ್ ಪೂರ್ತಿ ತೆರೆದಾಗ ಸ್ಪ್ರಿಂಗಿನ ಸುರುಳಿಗಳ ನಡುವೆ ಒಟ್ಟು 1 ಮಿ.ಮೀ.ಯಾದರೂ ಉಳಿದಿರಬೇಕು. ಸುರುಳಿಗಳು ಪೂರ್ತಿ ಮುಚ್ಚಿಕೊಂಡರೆ ಪುಶ್‌ರಾಡ್ ಬಾಗುತ್ತದೆ. ಅರ್ಧಗೋಳದ ಹೆಡ್‌ನಲ್ಲಿ ಎರಡು ವಾಲ್ವ್‌ಗಳು ಒಂದಕ್ಕೊಂದು ತಾಗುವುದಿಲ್ಲವೆಂದೂ ನೋಡಿಕೊಳ್ಳಿ.

ಹಂತ 9: ಇಗ್ನಿಷನ್

ಟಿಡಿಸಿಯನ್ನು ಕಣ್ಣಂದಾಜಿನಲ್ಲಿ ಹಿಡಿಯಬೇಡಿ. ಪಿಸ್ಟನ್ ಸ್ಟಾಪ್ ಹಾಕಿ, ಕ್ರ್ಯಾಂಕನ್ನು ಎರಡೂ ದಿಕ್ಕಿಗೆ ತಡೆಯುವವರೆಗೆ ತಿರುಗಿಸಿ, ಡಿಸ್ಕಿನಲ್ಲಿ ಎರಡು ಗುರುತು ಹಾಕಿ. ಅವುಗಳ ನಡುಬಿಂದುವೇ ಟಿಡಿಸಿ. ಕಾರ್ಖಾನೆ ಹೇಳಿದ ಪೂರ್ಣ ಅಡ್ವಾನ್ಸ್‌ನಿಂದ (ಟಿಡಿಸಿಗಿಂತ ಎಷ್ಟು ಡಿಗ್ರಿ ಮೊದಲು ಕಿಡಿ ಹಾರಬೇಕು ಎಂಬ ಅಳತೆ) ಆರಂಭಿಸಿ, ಕಂಪ್ರೆಷನ್ ಏರಿಸಿದ್ದರೆ ಎರಡು ಡಿಗ್ರಿ ಹಿಂದಿಡಿ.

ತಣ್ಣಗಿದ್ದಾಗ ಚೆನ್ನಾಗಿ ಓಡಿ ಬಿಸಿಯಾದಾಗ ಸಾಯುವ ಮ್ಯಾಗ್ನೆಟೊಗೆ ಕಂಡೆನ್ಸರ್ ಅಥವಾ ಸುರುಳಿ ಬದಲಾಯಿಸಬೇಕು, ಕಾರ್ಬ್ಯುರೇಟರ್ ಜೊತೆ ಗುದ್ದಾಡಿ ಫಲವಿಲ್ಲ. ಡೈನಮೊ ತೆಗೆದು ಬ್ಯಾಟರಿಯಿಂದಲೇ ಓಡಿಸುವುದಾದರೆ ಪ್ರತಿ ಓಟಕ್ಕೂ ಮೊದಲು ಪೂರ್ತಿ ಚಾರ್ಜ್ ಮಾಡಿ. ಕೊನೆಯ ಸುತ್ತುಗಳಲ್ಲಿ ಮಾತ್ರ ಮಿಸ್ ಆಗುವ ಎಂಜಿನ್ನಿಗೆ ಇಳಿದ ವೋಲ್ಟೇಜ್ ಸಾಮಾನ್ಯ ಕಾರಣ.

ಹಂತ 10: ಕಾರ್ಬ್ಯುರೇಟರ್ ಮತ್ತು ಪೈಪ್

500 ಸಿಸಿಗೆ 30ರಿಂದ 32 ಮಿ.ಮೀ. ಕಾರ್ಬ್ಯುರೇಟರಿನಿಂದ ಶುರು ಮಾಡಿ. ಅದನ್ನು ರಬ್ಬರ್ ಕೊಳವೆಯ ಮೇಲೆ ಕೂರಿಸಿ. ಗಟ್ಟಿಯಾಗಿ ಬೋಲ್ಟ್ ಮಾಡಿದರೆ ನಡುಕಕ್ಕೆ ಬೌಲಿನ ಪೆಟ್ರೋಲ್ ನೊರೆಯೇಳುತ್ತದೆ, ಒಂದು ನಿರ್ದಿಷ್ಟ ವೇಗದಲ್ಲಿ ಎಂಜಿನ್ ಕಾರಣವಿಲ್ಲದೆ ಸೊರಗುತ್ತದೆ. ಪೈಪನ್ನು ಮೊದಲು ಮೂಲ ವ್ಯಾಸದಲ್ಲೇ ಇಟ್ಟುಕೊಳ್ಳಿ. ತುದಿಗೆ ಹೋದಂತೆ ಅಗಲವಾಗುವ ಮೆಗಾಫೋನ್ ಪೈಪ್ ಹಾಕಿದರೆ ಮಧ್ಯದ ಸುತ್ತುಗಳಲ್ಲಿ ಶಕ್ತಿ ಕುಸಿಯುತ್ತದೆ, ಆಗ ಜೆಟ್ಟಿಂಗ್ ಪೂರ್ತಿ ಮತ್ತೆ ಮಾಡಬೇಕು.

ಜೆಟ್ಟಿಂಗಿಗೆ ಕ್ರಮ ಇದೆ. ಮೊದಲು ಫ್ಲೋಟ್ ಮಟ್ಟ ಸರಿಮಾಡಿ, ಅದು ತಪ್ಪಿದ್ದರೆ ಉಳಿದದ್ದೆಲ್ಲ ವ್ಯರ್ಥ. ಆಮೇಲೆ ಪೂರ್ತಿ ಥ್ರಾಟಲಿನ ಮೇನ್ ಜೆಟ್. ಅದು ಕೂತ ಮೇಲೆ ಕಾಲಿನಿಂದ ಮುಕ್ಕಾಲು ಥ್ರಾಟಲಿನವರೆಗಿನ ಸೂಜಿ. ನಂತರ ಎಂಟನೆಯ ಒಂದು ಭಾಗದಿಂದ ಕಾಲು ಭಾಗದವರೆಗೆ ಕೆಲಸ ಮಾಡುವ ಸ್ಲೈಡ್, ಕೊನೆಗೆ ಐಡಲಿನ ಪೈಲಟ್. ಥ್ರಾಟಲ್ ಹಿಡಿಕೆಗೆ ಟೇಪ್ ಅಂಟಿಸಿ ಈ ಜಾಗಗಳನ್ನು ಗುರುತು ಮಾಡಿಕೊಂಡರೆ ಎಲ್ಲಿ ತೊಂದರೆ ಎಂದು ನಿಖರವಾಗಿ ತಿಳಿಯುತ್ತದೆ.

ಮೇನ್ ಜೆಟ್ಟನ್ನು ಯಾವಾಗಲೂ ದೊಡ್ಡದರಿಂದ ಚಿಕ್ಕದಕ್ಕೆ ಇಳಿಸುತ್ತಾ ಬನ್ನಿ. ಪೆಟ್ರೋಲ್ ಹೆಚ್ಚಾದರೆ ಎಂಜಿನ್ ಮಂಕಾಗುತ್ತದೆ, ಕಡಿಮೆಯಾದರೆ ಪಿಸ್ಟನ್ ತೂತಾಗುತ್ತದೆ. ಹೊಸ ಪ್ಲಗ್ ಹಾಕಿ, ನೇರ ದಾರಿಯಲ್ಲಿ ಟಾಪ್ ಗೇರಿನಲ್ಲಿ ಪೂರ್ತಿ ಥ್ರಾಟಲಿನಲ್ಲಿ ಓಡಿಸಿ, ಹಿಂದೆ ಯಾರೂ ಬರುತ್ತಿಲ್ಲವೆಂದು ಖಚಿತವಾದ ಜಾಗದಲ್ಲಿ ಒಮ್ಮೆಲೇ ಇಗ್ನಿಷನ್ ಆರಿಸಿ ಕ್ಲಚ್ ಹಿಡಿದು ನಿಲ್ಲಿಸಿ ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿಯ ಆಳದ ಬುಡದಲ್ಲಿ ತಿಳಿ ಕಂದು ಉಂಗುರ ಇರಬೇಕು. ಪಿಂಗಾಣಿ ಬಿಳಿಯಾಗಿ ಮೆರುಗು ಬಂದಿದ್ದರೆ ಜೆಟ್ ಚಿಕ್ಕದು. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಬೂದು ಚುಕ್ಕೆಗಳಿದ್ದರೆ, ಭೂತಗನ್ನಡಿಯಲ್ಲಿ ನೋಡಿ, ಅವು ಪಿಸ್ಟನ್ನಿನಿಂದ ಬಂದ ಅಲ್ಯೂಮಿನಿಯಂ. ಒಳಗೆ ನಾಕಿಂಗ್, ಅಂದರೆ ಮಿಶ್ರಣ ಸ್ಫೋಟದಂತೆ ಉರಿಯುವುದು, ನಡೆದಿದೆ. ತೆರೆದ ಪೈಪಿನ ಸದ್ದಿನಲ್ಲಿ ಅದು ನಿಮಗೆ ಕೇಳಿಸಿರುವುದಿಲ್ಲ. ಅಂದಿನ ಓಟ ಅಲ್ಲಿಗೆ ಮುಗಿಯಿತು. ಟೈಮಿಂಗ್, ಜೆಟ್, ಪ್ಲಗ್ಗಿನ ಶಾಖದ ದರ್ಜೆ ಮೂರನ್ನೂ ಪರಿಶೀಲಿಸುವವರೆಗೆ ಮತ್ತೆ ಸ್ಟಾರ್ಟ್ ಮಾಡಬೇಡಿ.

ಹಂತ 11: ಕ್ಲಚ್, ಚೈನ್, ಲಾಕ್ ವೈರ್

ಕ್ಲಚ್ ಹಿಡಿದಾಗ ಒತ್ತುವ ತಟ್ಟೆ ಓರೆಯಾಗದೆ ಸಮನಾಗಿ ಎದ್ದೇಳಬೇಕು. ಸ್ಪ್ರಾಕೆಟನ್ನು ಟ್ರ್ಯಾಕಿಗೆ ತಕ್ಕಂತೆ ಆರಿಸಿ: ಅತ್ಯಂತ ಉದ್ದದ ನೇರ ದಾರಿಯ ಕೊನೆಯಲ್ಲಿ ಟಾಪ್ ಗೇರಿನಲ್ಲಿ ಎಂಜಿನ್ ನಿಮ್ಮ ಕೆಂಪು ಗೆರೆ ತಲುಪಬೇಕು. 17 ಹಲ್ಲಿನ ಮುಂದಿನ ಸ್ಪ್ರಾಕೆಟಿನಲ್ಲಿ ಒಂದು ಹಲ್ಲು ಬದಲಾದರೆ ಶೇ. 6ರ ವ್ಯತ್ಯಾಸ, ಆದ್ದರಿಂದ ಸೂಕ್ಷ್ಮ ಹೊಂದಾಣಿಕೆಯನ್ನು ಹಿಂದಿನದರಲ್ಲಿ ಮಾಡಿ.

ಎಣ್ಣೆಯ ಡ್ರೈನ್, ಮುಚ್ಚಳ, ಫಿಲ್ಟರ್, ಕೊಳವೆಯ ಬೋಲ್ಟ್‌ಗಳಿಗೆ ರಂಧ್ರ ಕೊರೆದು ಲಾಕ್ ವೈರ್ ಕಟ್ಟಿ. ತಂತಿ ಬೋಲ್ಟನ್ನು ಬಿಗಿಯುವ ದಿಕ್ಕಿಗೆ ಎಳೆಯುವಂತಿರಬೇಕು. ತಿರುವುಮುರುವಾಗಿ ಕಟ್ಟಿದ ತಂತಿ ತಾಂತ್ರಿಕ ತಪಾಸಣೆಯಲ್ಲಿ ಮೊದಲು ಕಣ್ಣಿಗೆ ಬೀಳುತ್ತದೆ.

ಹಂತ 12: ಮೊದಲ ಓಟ ಮತ್ತು ಆಮೇಲಿನ ತಪಾಸಣೆ

ಪ್ಲಗ್ ಬಿಚ್ಚಿ, ಟ್ಯಾಂಕಿಗೆ ಎಣ್ಣೆ ಮರಳಿ ಬೀಳುವುದು ಕಾಣುವವರೆಗೆ ಎಂಜಿನ್ ತಿರುಗಿಸಿ. ನಂತರ ಸ್ಟಾರ್ಟ್ ಮಾಡಿ, ಬಿಸಿಯಾಗಲು ಬಿಟ್ಟು, ಆರಿಸಿ, ಪೂರ್ತಿ ತಣಿಯಲು ಬಿಡಿ. ಹೆಡ್ ಬೋಲ್ಟ್‌ಗಳನ್ನು ತಣ್ಣಗಿರುವಾಗಲೇ ಮತ್ತೆ ಟಾರ್ಕ್ ಮಾಡಿ, ಟ್ಯಾಪೆಟ್ ನೋಡಿ. ಟ್ರ್ಯಾಕಿನಲ್ಲಿ ಆರಂಭದ ಸುತ್ತುಗಳು ಅರ್ಧ ಥ್ರಾಟಲಿನಲ್ಲಿ, ಏರಿಸುತ್ತ ಇಳಿಸುತ್ತ ಸಾಗಲಿ. ಒಂದೇ ವೇಗದಲ್ಲಿ ಓಡಿಸಿದರೆ ರಿಂಗ್ ಕೂರುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಪ್ರತಿಯೊಂದನ್ನೂ ಬರೆದಿಡಿ.

ಹಿಂತಿರುಗಿದ ಮೇಲೆ ಎಣ್ಣೆ ಇಳಿಸಿ ಬಿಳಿ ಬಟ್ಟೆಯ ಮೇಲೆ ಸೋಸಿ. ಹೊಸ ಎಂಜಿನ್ನಿನಲ್ಲಿ ತೀರಾ ಸಣ್ಣ ಪುಡಿ ಸಹಜ. ಆಯಸ್ಕಾಂತಕ್ಕೆ ಅಂಟುವ ಚೂರುಗಳು ರೋಲರ್ ಅಥವಾ ಗೇರಿನಿಂದ ಬಂದಿವೆ, ಚಿನ್ನದ ಬಣ್ಣದ ಹೊಟ್ಟು ಕಂಚಿನ ಬುಷ್ಷಿನದು, ಅಂಟದ ಬಿಳಿ ಚೂರು ಪಿಸ್ಟನ್ನಿನದು. ಇವುಗಳಲ್ಲಿ ಯಾವುದು ಕಂಡರೂ ಎಂಜಿನ್ ಬಿಚ್ಚಿ.

ಕೆಳಗಿನಿಂದ ಬರುವ, ಥ್ರಾಟಲ್ ಬಿಟ್ಟಾಗ ಬದಲಾಗುವ ಮಂದ ಗುದ್ದಿನ ಸದ್ದು ಬಿಗ್ ಎಂಡಿನದು. ಅದು ಕೇಳಿದ ಕೂಡಲೇ ಕ್ಲಚ್ ಹಿಡಿದು, ಕೈ ಎತ್ತಿ ಸೂಚನೆ ಕೊಟ್ಟು, ರೇಸ್ ಲೈನ್ ಬಿಟ್ಟು ಪಕ್ಕಕ್ಕೆ ಬನ್ನಿ. ಪ್ರತಿ ರೇಸಿನ ನಂತರ ಕಡ್ಡಿಗಳ ಬಿಗಿ, ಚೈನಿನ ಸಡಿಲ, ಚಾಸಿಯ ಬೆಸುಗೆಗಳು, ಬ್ರೇಕ್ ಕೇಬಲಿನ ತುದಿಯ ಎಳೆಗಳನ್ನು ಪರಿಶೀಲಿಸಿ. ಸ್ಪ್ರಿಂಗ್‌ಗಳನ್ನು ಹೆಡ್ ಬಿಚ್ಚಿದಾಗಲೆಲ್ಲ ಅಳೆದು, ಹೊಸದಾಗಿದ್ದಾಗಿನ ಉದ್ದಕ್ಕಿಂತ ಕುಗ್ಗಿದ್ದರೆ ಇಡೀ ಜೋಡಿಯನ್ನು ಬದಲಾಯಿಸಿ.